ಕೆಇಎಫ್ ಕ್ಯೂ150, ವಾರ್ಫ್‌ಡೇಲ್ ಡೈಮಂಡ್ 12.1: ರಿವ್ಯೂಗಳಲ್ಲಿ ಓದಿದ್ದು, ನಮ್ಮ ಹಾಲ್‌ನಲ್ಲಿ ಕೇಳಿದ್ದು

ಮನೆಗೊಂದು ಒಳ್ಳೆಯ ಸ್ಟೀರಿಯೊ ಬೇಕು ಅಂತ ನಾಲ್ಕು ಜನರ ಹತ್ತಿರ ಬಾಯಿಬಿಟ್ಟರೆ ಸಾಕು, ಒಬ್ಬರಾದರೂ ಈ ಎರಡು ಸ್ಪೀಕರ್‌ಗಳಲ್ಲಿ ಒಂದರ ಹೆಸರು ಹೇಳುತ್ತಾರೆ: ಕೆಇಎಫ್ ಕ್ಯೂ150, ಇಲ್ಲವೇ ವಾರ್ಫ್‌ಡೇಲ್ ಡೈಮಂಡ್ 12.1. ಎರಡೂ ಷೆಲ್ಫಿನಲ್ಲಿ ಕೂರುವ ಗಾತ್ರದವು, ಎರಡಕ್ಕೂ ಐದಿಂಚಿನ ಆಸುಪಾಸಿನ ವೂಫರ್ (ತಗ್ಗು ಸ್ವರ ಹಾಡಿಸುವ ದೊಡ್ಡ ಘಟಕ), ಎರಡರ ಪೋರ್ಟೂ (ಡಬ್ಬಿಯೊಳಗಿನ ಗಾಳಿ ಆಡುವ ತೂತು) ಬೆನ್ನಿಗೇ. ಡೈಮಂಡ್ ಅಗ್ಗ, ಕ್ಯೂ150 ತುಟ್ಟಿ. ಎಷ್ಟು ಅಂತ ಬರೆಯಲು ಹೋಗುವುದಿಲ್ಲ, ಮುಂದಿನ ದಸರಾ ಆಫರ್ ಬರುವ ಹೊತ್ತಿಗೆ ಆ ವಾಕ್ಯ ಹಳಸಿರುತ್ತದೆ. ಬಾಮೈದನ ಹತ್ತಿರ ಡೈಮಂಡ್ ಜೋಡಿ ಇತ್ತು, ಕೇಳಿ ತಂದೆ. ಕ್ಯೂ150 ಜೋಡಿಯನ್ನು ಅಂಗಡಿಯವರು ಇಷ್ಟವಾಗದಿದ್ದರೆ ವಾಪಸ್ ತನ್ನಿ ಎಂಬ ಮಾತಿನ ಮೇಲೆ ಕೊಟ್ಟರು. ಎರಡನ್ನೂ ಒಂದೇ ಹಾಲ್‌ನಲ್ಲಿ, ಒಂದೇ ಯಮಹಾ ಎ-ಎಸ್301 ಆಂಪ್ಲಿಫೈಯರ್‌ಗೆ ಹಚ್ಚಿ ಕೇಳುವ ಅವಕಾಶ ಹೀಗೆ ಸಿಕ್ಕಿತು.

ಅದಕ್ಕೂ ಮೊದಲು ಸಿಕ್ಕಿದ್ದೆಲ್ಲ ಓದಿದ್ದೆ, ನೋಡಿದ್ದೆ. ಓದಿದಷ್ಟೂ ಗೊಂದಲವೇ ಹೆಚ್ಚಾಯಿತು. ಒಂದೇ ಸ್ಪೀಕರ್‌ಗೆ ಒಬ್ಬರು ಬೇಸ್ ಸಾಲದು ಅಂತಾರೆ, ಇನ್ನೊಬ್ಬರು ಬೇಸ್ ಅತಿಯಾಯಿತು ಅಂತಾರೆ. ಇಬ್ಬರೂ ಸುಳ್ಳು ಹೇಳುತ್ತಿದ್ದಾರೆ ಅಂತ ನನಗನ್ನಿಸಲಿಲ್ಲ. ಇಬ್ಬರ ಕೋಣೆಯೂ ಬೇರೆ, ಅಷ್ಟೆ. ಆದರೆ ಕೋಣೆ ಎಷ್ಟು ಉದ್ದ, ಸ್ಪೀಕರ್ ಗೋಡೆಯಿಂದ ಎಷ್ಟು ದೂರ, ತಾವು ಕೂತಿದ್ದೆಲ್ಲಿ ಎಂಬುದನ್ನು ಹೇಳುವ ರಿವ್ಯೂ ನೂರಕ್ಕೆ ನಾಲ್ಕು ಸಿಕ್ಕರೆ ಪುಣ್ಯ. ಬೇಸ್ ವಿಷಯದಲ್ಲಿ ಅಂಥ ರಿವ್ಯೂ ನಂಬುವುದೆಂದರೆ ಪಕ್ಕದ ಮನೆಯವರ ಅಳತೆ ಕೊಟ್ಟು ಬ್ಲೌಸ್ ಹೊಲಿಸಿಕೊಂಡ ಹಾಗೆ.

‘ಇಂಗ್ಲಿಷ್ ಸೌಂಡ್’ ಅನ್ನುವ ಮಾತೂ ಎರಡರ ಬಗ್ಗೆಯೂ ಧಾರಾಳವಾಗಿ ಬರುತ್ತದೆ. ವಾರ್ಫ್‌ಡೇಲ್ 1932ರಲ್ಲಿ ಗಿಲ್ಬರ್ಟ್ ಬ್ರಿಗ್ಸ್ ಯಾರ್ಕ್‌ಷೈರ್‌ನಲ್ಲಿ ಶುರು ಮಾಡಿದ್ದು, ಕೆಇಎಫ್ 1961ರಲ್ಲಿ ರೇಮಂಡ್ ಕುಕ್ ಕೆಂಟ್‌ನಲ್ಲಿ ಕಟ್ಟಿದ್ದು, ನಿಜ. ಈಗ ಎರಡರ ಒಡೆತನವೂ ಚೀನಾ, ಹಾಂಗ್‌ಕಾಂಗ್ ಕಡೆಯದು. ಡೈಮಂಡ್ 12 ಸರಣಿಯ ವಿನ್ಯಾಸದಲ್ಲಿ ಕೈಯಾಡಿಸಿದ ಕಾರ್ಲ್-ಹೈನ್ಸ್ ಫಿಂಕ್ ಜರ್ಮನಿಯವರು. ಅದರಿಂದ ಸದ್ದು ಕೆಡಲಿಲ್ಲ. ಆದರೆ ರಿವ್ಯೂನಲ್ಲಿ ದೇಶದ ಹೆಸರು ಸದ್ದಿನ ಗುಣವಾಗಿ ಬಂದಾಗಲೆಲ್ಲ ನಾನು ಆ ಪ್ಯಾರಾ ಹಾರಿಸಿ ಮುಂದಕ್ಕೆ ಹೋಗುತ್ತೇನೆ.

ಕೇಳುವುದಕ್ಕೆ ಕೂರುವ ಮುಂಚೆ ಒಂದು ಕೆಲಸ ಆಗಲೇಬೇಕು. ಡೈಮಂಡ್ 12.1ರ ಸೆನ್ಸಿಟಿವಿಟಿ (ಒಂದೇ ಪ್ರಮಾಣದ ಕರೆಂಟಿಗೆ ಸ್ಪೀಕರ್ ಎಷ್ಟು ಜೋರಾಗಿ ಹಾಡುತ್ತದೆ ಎಂಬ ಅಳತೆ) 88 ಡೆಸಿಬೆಲ್, ಕ್ಯೂ150ಯದು 86. ವಾಲ್ಯೂಮ್ ನಾಬ್ ಮುಟ್ಟದೆ ವೈರು ಮಾತ್ರ ಬದಲಾಯಿಸಿದರೆ ಡೈಮಂಡ್ 2 ಡೆಸಿಬೆಲ್ ಜೋರಾಗಿ ಹಾಡುತ್ತದೆ. ಇಷ್ಟು ಸಣ್ಣ ವ್ಯತ್ಯಾಸ ಬಹಳ ಸಲ ಕಿವಿಗೆ ‘ಜೋರು’ ಅಂತ ಕೇಳಿಸುವುದಿಲ್ಲ. ‘ತುಂಬಿಕೊಂಡಿದೆ’, ‘ಜೀವಂತವಾಗಿದೆ’, ‘ಸ್ಪಷ್ಟವಾಗಿದೆ’ ಅಂತ ಕೇಳಿಸುತ್ತದೆ. ಷೋರೂಂನಲ್ಲಿ ಬಟನ್ ಒತ್ತಿ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಗೆಲ್ಲುವುದು ಬಹಳ ಸಲ ಈ 2 ಡೆಸಿಬೆಲ್ಲೇ. ಹಾಗಾಗಿ ಪಿಂಕ್ ನಾಯ್ಸ್ (ಪರೀಕ್ಷೆಗೆ ಬಳಸುವ ‘ಸುರ್ರ್’ ಎಂಬ ಸದ್ದು) ಹಾಕಿ, ಮೊಬೈಲಿನ ಸೌಂಡ್ ಮೀಟರ್ ಆಪ್ ಅನ್ನು ಕೂರುವ ಜಾಗದಲ್ಲಿಟ್ಟು ಎರಡನ್ನೂ ಸಮ ಮಾಡಿಕೊಂಡೆ. ಆಪ್ ತೋರಿಸುವ ಸಂಖ್ಯೆ ಖಚಿತವಲ್ಲದಿದ್ದರೂ ಒಂದಕ್ಕೊಂದು ಹೋಲಿಸಲು ಧಾರಾಳವಾಗಿ ಸಾಕು.

ಇನ್ನೊಂದು ಕೆಲಸ, ಕಣ್ಣು ಮುಚ್ಚುವುದು. ಸದ್ದಿನ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಸ್ಪೀಕರ್ ತಯಾರಿಸುವ ಹರ್ಮನ್ ಕಂಪನಿಯ ನೌಕರರನ್ನೇ ಕೂರಿಸಿ ಸ್ಪೀಕರ್‌ಗಳಿಗೆ ಅಂಕ ಕೊಡಿಸಿದ್ದರು, ಒಮ್ಮೆ ಪರದೆಯ ಹಿಂದಿಟ್ಟು, ಒಮ್ಮೆ ಎದುರಿಗಿಟ್ಟು. ಪರದೆ ಸರಿದು ಗಾತ್ರ, ಬ್ರ್ಯಾಂಡು ಕಣ್ಣಿಗೆ ಬಿದ್ದದ್ದೇ ತಡ, ಅಂಕಗಳು ಬದಲಾದವು. ದಿನವೂ ಇದೇ ಕಸುಬು ನಡೆಯುವ ಕಂಪನಿಯವರ ಕಥೆಯೇ ಹೀಗಾದರೆ ನನ್ನದೇನು. ನಮ್ಮ ಹಾಲ್‌ನಲ್ಲಿ ಅಮ್ಮನ ಹಳೆಯ ವಾಯಿಲ್ ಸೀರೆಯನ್ನು ಅಡ್ಡ ಕಟ್ಟಿದೆವು. ಬಾಯಿಂದ ಊದಿದರೆ ಗಾಳಿ ಆಚೆ ದಾಟುವಷ್ಟು ತೆಳು ಬಟ್ಟೆಯಾದರೆ ಸದ್ದಿಗೆ ಹೆಚ್ಚು ಅಡ್ಡಿಯಿಲ್ಲ. ಹಿಂದೆ ವೈರು ಬದಲಾಯಿಸುವ ಕೆಲಸ ಮಗನದು. ಯಾವುದು ಹಾಡುತ್ತಿದೆ ಅಂತ ಹೇಳಬಾರದು, ಮುಖದಲ್ಲೂ ತೋರಿಸಬಾರದು ಅಂತ ಕರಾರು. ಎರಡನೆಯದನ್ನು ಪಾಲಿಸಲು ಅವನಿಗೆ ಕಷ್ಟವಾಗಿ ಅವನೂ ಸೀರೆಯ ಹಿಂದೆಯೇ ಕೂತ.

ಕೇಳಿದ್ದು ರಿವ್ಯೂದವರು ಹಾಕುವ ಜಾಝ್, ಪಾಪ್ ಅಲ್ಲ, ನಾವು ದಿನವೂ ಹಾಕಿಕೊಳ್ಳುವ ಸಂಗೀತ: ಗಂಗೂಬಾಯಿ ಹಾನಗಲ್ಲರ ಖಯಾಲ್, ದೊರೆಸ್ವಾಮಿ ಅಯ್ಯಂಗಾರರ ವೀಣೆ, ಯಕ್ಷಗಾನದ ಚಂಡೆ-ಮದ್ದಳೆ. ಗಂಗೂಬಾಯಿಯವರ ಆ ಭಾರಿ ಕಂಠ ಸ್ಪೀಕರ್‌ಗೆ ಒಳ್ಳೆಯ ಪರೀಕ್ಷೆ. ಮೇಲ್ಬೇಸ್ (ಬೇಸ್‌ನ ಮೇಲಿನ ಭಾಗ) ಸ್ವಲ್ಪ ಉಬ್ಬಿದರೂ ದನಿ ಎದೆಯಿಂದ ಬರುವ ಬದಲು ಡಬ್ಬಿಯೊಳಗಿಂದ ಬಂದಂತಾಗುತ್ತದೆ. ಎರಡು ಜೋಡಿಯೂ ಇದರಲ್ಲಿ ಪಾಸು. ಡೈಮಂಡ್‌ನಲ್ಲಿ ದನಿ ಒಂದು ಹೆಜ್ಜೆ ಮುಂದೆ ಬಂದು ಕೂರುತ್ತಿತ್ತು, ಮೇಲಿನ ಸ್ವರಗಳು ಕೊಂಚ ಮೆತ್ತಗೆ. ಕ್ಯೂ150ಯಲ್ಲಿ ತಂತಿಯ ಮೇಲೆ ಉಗುರು ಬೀಳುವ ಸದ್ದು, ಗಮಕಕ್ಕೆ ತಂತಿ ಎಳೆದಾಗಿನ ಸಣ್ಣ ಉಜ್ಜಾಟ, ಇವೆಲ್ಲ ಹೆಚ್ಚು ಬಿಡಿಸಿ ಕೇಳುತ್ತಿದ್ದವು. ವೀಣೆಗೆ ಅದು ಸೊಗಸು. ಚಂಡೆಗೆ ಮಾತ್ರ ನನಗೆ ಡೈಮಂಡ್ ಹಿತವೆನಿಸಿತು. ಜೋರಾಗಿ ಹಾಕಿದಾಗ ಚಂಡೆಯ ಪೆಟ್ಟು ಕ್ಯೂ150ಯಲ್ಲಿ ನಮ್ಮ ಬರಿಗೋಡೆಗಳಿಗೆ ಬಡಿದು ಚುರ್ರೆನ್ನುತ್ತಿತ್ತು. ಸೋಫಾದ ಎದುರು ಜಮಖಾನ ಹಾಸಿದ ಮೇಲೆ ಆ ದೂರು ಅರ್ಧಕ್ಕಿಳಿಯಿತು. ಅಂದರೆ ತಪ್ಪಿನಲ್ಲಿ ಅರ್ಧದಷ್ಟು ನಮ್ಮ ರೆಡ್ ಆಕ್ಸೈಡ್ ನೆಲದ್ದು.

ಕಪ್ಪು ಒಂದರ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ) ಶ್ರುತಿಯಲ್ಲಿ ಹಾಡುವ ಗಂಡು ದನಿಯ ಒಂದು ಖಯಾಲ್ ಹಾಕಿದಾಗ ಇನ್ನೊಂದು ವಿಷಯ ಹೊರಬಿತ್ತು. ಕ್ಯೂ150ಯಲ್ಲಿ ತಂಬೂರಿಯ ಖರಜದ (ಕೆಳಗಿನ ಷಡ್ಜದ) ತಂತಿ ಬಂದಾಗಲೆಲ್ಲ ಹಾಲ್ ಗುಂಯ್ ಅನ್ನುತ್ತಿತ್ತು. ಅಡುಗೆಮನೆಯಿಂದ ಅಮ್ಮ, “ಅದೇನೋ ಅದು, ಮಿಕ್ಸಿ ಹಾಕಿದ ಹಾಗೆ?” ಅಂದರು. ಆ ಶ್ರುತಿಯಲ್ಲಿ ಷಡ್ಜ ಸುಮಾರು 138.6 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ), ಅದರ ಕೆಳಗಿನ ಖರಜ 69.3. ನಮ್ಮ ಹಾಲ್‌ನ ಉದ್ದ 5 ಮೀಟರ್. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 346 ಮೀಟರ್ ಓಡುತ್ತದೆ, ಐದರಿಂದ ಭಾಗಿಸಿದರೆ 69.2, ಅಂದರೆ ಅಲೆಯ ಉದ್ದ 5 ಮೀಟರ್ ಆಗುವುದು ಅಷ್ಟು ಹರ್ಟ್ಸ್‌ಗೆ. ಖರಜದ ಅಲೆಯ ಉದ್ದ ಮತ್ತು ಹಾಲ್‌ನ ಉದ್ದ ಕೂದಲೆಳೆಯಷ್ಟೂ ಆಚೀಚೆಯಿಲ್ಲದೆ ಒಂದೇ! ಅಲೆ ಗೋಡೆಯಿಂದ ಗೋಡೆಗೆ ಬಡಿದು ಅಲ್ಲಲ್ಲೇ ನಿಲ್ಲುತ್ತದೆ, ಹಾಲ್‌ನ ನಟ್ಟನಡುವೆ ಸದ್ದು ಅತಿ ಹೆಚ್ಚು. ನಮ್ಮ ಸೋಫಾ ಇದ್ದದ್ದು ಅಲ್ಲೇ. ತಂಬೂರಿಯಲ್ಲಿ ಮೇಲಿನ ಸ್ವರಾಂಶಗಳೇ ಜೋರು, ಮೂಲ ಕಂಪನ ಅಷ್ಟೇನಿಲ್ಲ. ಆದರೂ ಕೋಣೆ ಅದನ್ನು ಹಿಡಿದೆತ್ತಿ ತೋರಿಸುತ್ತಿತ್ತು.

ಡೈಮಂಡ್‌ನಲ್ಲಿ ಈ ಗುಂಯ್ ಯಾಕೆ ಕಮ್ಮಿ? ಅದರ ಬೇಸ್ 65 ಹರ್ಟ್ಸ್‌ವರೆಗೆ ಅಂತ ಕಂಪನಿಯೇ ಬರೆದಿದೆ, ಕ್ಯೂ150ಯದು 51ರವರೆಗೆ. ಖರಜದ ಹೊತ್ತಿಗೆ ಡೈಮಂಡ್ ಆಗಲೇ ಇಳಿಯುವ ದಾರಿಯಲ್ಲಿರುತ್ತದೆ. ಎಲ್ಲರ ರಿವ್ಯೂನಲ್ಲೂ ಕ್ಯೂ150ಗೆ ಅಂಕ ತಂದುಕೊಡಬೇಕಾದ ಗುಣವೇ ನನ್ನ ಹಾಲ್‌ನಲ್ಲಿ ಅದರ ಕೊರತೆಯಾಗಿತ್ತು. ಸೋಫಾವನ್ನು ಹಿಂದಿನ ಗೋಡೆಗೆ ಒಂದೂಕಾಲು ಮೀಟರ್ ಹತ್ತಿರಕ್ಕೆ ತಳ್ಳಿ ನೋಡಿದರೆ ಖರಜವೇ ಮಾಯ, ಲೆಕ್ಕದ ಪ್ರಕಾರ ಅಲ್ಲಿ ಆ ಅಲೆ ಸೊನ್ನೆ. ಸೋಫಾವನ್ನು ಆ ಎರಡು ಜಾಗಗಳ ನಡುವೆ ಒಂದು ಕಡೆ ನಿಲ್ಲಿಸಿ, ಪೋರ್ಟ್‌ಗೆ ಹಳೆಯ ಕಾಲುಚೀಲ ಸುತ್ತಿ ತುರುಕಿದ ಮೇಲೆ ಹದಕ್ಕೆ ಬಂತು. ಕಾಸು ಖರ್ಚಿಲ್ಲ. ಇದರಿಂದ ಆದ ಬದಲಾವಣೆ ಎರಡು ಸ್ಪೀಕರ್‌ಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದು. ಷೋಕೇಸಿನ ಗೂಡಿನಲ್ಲಿ ಬೆನ್ನು ಗೋಡೆಗೆ ಹಚ್ಚಿ ಇಟ್ಟರಂತೂ ಎರಡೂ ಒಂದೇ ಥರ ಮುಗ್ಗರಿಸಿದವು. ಹಿಂದೆ ಪೋರ್ಟ್ ಇರುವ ಸ್ಪೀಕರ್ ಅನ್ನು ಷೋಕೇಸಿನಲ್ಲಿ ಕೂರಿಸುವ ನಮ್ಮ ಮನೆಗಳ ಪದ್ಧತಿಯನ್ನು ಪರೀಕ್ಷೆ ಮಾಡಿದ ರಿವ್ಯೂ ನನ್ನ ಕಣ್ಣಿಗೆ ಬಿದ್ದಿಲ್ಲ. ಅವರೆಲ್ಲ ಸ್ಟ್ಯಾಂಡಿನ ಮೇಲಿಟ್ಟು, ಗೋಡೆಯಿಂದ ದೂರ ಎಳೆದು, ಕುರ್ಚಿಯಲ್ಲಿ ಕೂತು ಬರೆದವರು.

ಕುರ್ಚಿ ಅಂದದ್ದು ಸುಮ್ಮನೆ ಅಲ್ಲ. ನಮ್ಮ ಮನೆಯಲ್ಲಿ ಅಮ್ಮ ಕೇಳುವುದು ನೆಲದ ಮೇಲೆ ಚಾಪೆ ಹಾಕಿ ಕೂತು, ಹೂ ಕಟ್ಟುತ್ತಾ. ಡೈಮಂಡ್‌ನಂಥ ಸಾಮಾನ್ಯ ವಿನ್ಯಾಸದಲ್ಲಿ ಟ್ವೀಟರ್ (ಏರು ಸ್ವರ ಹಾಡಿಸುವ ಸಣ್ಣ ಘಟಕ) ಮೇಲೆ, ವೂಫರ್ ಕೆಳಗೆ. ಕಿವಿ ಆ ಮಟ್ಟದಿಂದ ತೀರ ಕೆಳಗಿಳಿದರೆ ಎರಡರ ಸದ್ದೂ ಒಂದೇ ಹೊತ್ತಿಗೆ ಬಂದು ತಲುಪುವುದಿಲ್ಲ, ಎರಡೂ ಕೂಡುವ ಜಾಗದಲ್ಲಿ ಒಂದು ಹಳ್ಳ ಬೀಳುತ್ತದೆ. ಇಂಥ ಸ್ಪೀಕರ್‌ಗಳಲ್ಲಿ ಅದು ಸಾಮಾನ್ಯವಾಗಿ 2ರಿಂದ 3 ಕಿಲೋಹರ್ಟ್ಸ್ ಆಸುಪಾಸು, ಅಂದರೆ ಹಾಡಿನ ಅಕ್ಷರ ಸ್ಪಷ್ಟವಾಗಿ ಕೇಳಲು ಬೇಕಾದ ಜಾಗವೇ. ಕ್ಯೂ150ಯಲ್ಲಿ ಟ್ವೀಟರ್ ಇರುವುದು ವೂಫರ್‌ನ ನಟ್ಟನಡುವೆ. ಯೂನಿ-ಕ್ಯೂ ಅಂತ ಕರೆದು ಕೆಇಎಫ್ 1988ರಿಂದ ಮಾಡುತ್ತಾ ಬಂದದ್ದು. ಚಾಪೆಯ ಮೇಲೆ ಕೂತರೂ, ನಿಂತರೂ, ಸೋಫಾದ ಮೂಲೆಗೆ ಸರಿದರೂ ದನಿಯ ಬಣ್ಣ ಹೆಚ್ಚು ಬದಲಾಗುವುದಿಲ್ಲ. ಸೀರೆ ಪರದೆ ಇದ್ದಾಗಲೇ ಅಮ್ಮನನ್ನು ಚಾಪೆಯ ಮೇಲೆ ಕೂರಿಸಿ ಕೇಳಿದೆ. “ಇದರಲ್ಲಿ ಸಾಹಿತ್ಯ ತಿಳಿಯತ್ತೆ” ಅಂತ ಅವರು ಆರಿಸಿದ್ದು ಪ್ರತಿ ಸಲವೂ ಕ್ಯೂ150.

ಇದನ್ನು ಮಾತ್ರ ಒಂದು ಜಾತಿಯ ರಿವ್ಯೂ ಮೊದಲೇ ಹೇಳಿತ್ತು: ಅಳತೆಯ ರಿವ್ಯೂ. ಸ್ಪೀಕರ್‌ನ ಸುತ್ತ, ಅಡ್ಡಕ್ಕೂ ಉದ್ದಕ್ಕೂ 10 ಡಿಗ್ರಿಗೊಂದರಂತೆ ಒಟ್ಟು 70 ಕಡೆಯಿಂದ ಅಳೆದು ಗೆರೆ ಎಳೆಯುವ ಒಂದು ಮಾನದಂಡವಿದೆ, ಸಿಟಿಎ-2034 ಅಂತ. ಅದರ ಬೇರು ಟೂಲ್ ಅವರು ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲೂ ಆಮೇಲೆ ಹರ್ಮನ್‌ನಲ್ಲೂ ಮಾಡಿದ ಕೆಲಸದಲ್ಲಿದೆ. ಆಡಿಯೊ ಸೈನ್ಸ್ ರಿವ್ಯೂ, ಎರಿನ್ಸ್ ಆಡಿಯೊ ಕಾರ್ನರ್ ಎಂಬ ವೆಬ್‌ಸೈಟ್‌ಗಳವರು ಹೀಗೆ ಅಳೆದು ಹಾಕುತ್ತಾರೆ. ಗ್ರಾಫ್ ಓದಲು ಒಂದು ವಾರ ತಲೆ ಕೆರೆದುಕೊಳ್ಳಬೇಕು, ಆಮೇಲೆ ಸುಲಭ. ಕೆಳಗಿನಿಂದ ಕೇಳಿದರೆ ಏನಾಗುತ್ತದೆ, ಟ್ರೆಬಲ್ ಎಲ್ಲಿ ಏರಿದೆ ಎನ್ನುವುದನ್ನು ಅಲ್ಲಿಂದ ನಂಬಿ ತೆಗೆದುಕೊಳ್ಳಬಹುದು. ಸುಮಾರು 200 ಹರ್ಟ್ಸ್‌ಗಿಂತ ಕೆಳಗಿನದಕ್ಕೆ ಮಾತ್ರ ಆ ಗ್ರಾಫ್ ಕೂಡ ನನ್ನ ಹಾಲ್ ಮುಂದೆ ಸೋಲುತ್ತದೆ. 1962ರಲ್ಲಿ ಶುರುವಾದ ಸ್ಟೀರಿಯೊಫೈಲ್ ಪತ್ರಿಕೆಯಲ್ಲಿ ಬರಹ ಮತ್ತು ಅಳತೆ ಎರಡೂ ಇರುತ್ತವೆ, ಬಹಳ ಸಲ ಬರೆದವರು ಒಬ್ಬರು, ಅಳೆದವರು ಇನ್ನೊಬ್ಬರು. ಹೊಗಳಿಕೆಗೂ ಗ್ರಾಫಿಗೂ ತಾಳೆಯಾಗದ ಪುಟಗಳೇ ನನಗೆ ಹೆಚ್ಚು ಪ್ರಿಯ. ಯಾರ ಕಿವಿ ಎತ್ತ ವಾಲುತ್ತದೆ ಅಂತ ಅಲ್ಲಿ ಗೊತ್ತಾಗುತ್ತದೆ.

ಯೂಟ್ಯೂಬಿನವರ ವಿಷಯದಲ್ಲಿ ನಾನು ಮೊದಲು ನೋಡುವುದು ವಿಡಿಯೊ ಕೆಳಗಿನ ಲಿಂಕ್. ಕೊಂಡರೆ ಅವರಿಗೆ ಕಮಿಷನ್ ಸಿಗುವ ಲಿಂಕ್ ಇದ್ದ ಮಾತ್ರಕ್ಕೆ ಮಾತು ಸುಳ್ಳಲ್ಲ, ಆದರೆ ‘ಕೊಳ್ಳಬೇಡಿ’ ಎಂಬ ವಿಡಿಯೊ ಆ ಚಾನೆಲ್‌ನಲ್ಲಿ ಒಂದಾದರೂ ಇದೆಯೇ ಅಂತ ಹುಡುಕುತ್ತೇನೆ. ನೂರು ಗಂಟೆ ಹಾಡಿಸಿ, ಆಮೇಲೆ ಸದ್ದು ಅರಳುತ್ತದೆ ಅನ್ನುವವರೂ ಇದ್ದಾರೆ. ಅರಳುವ ಹೊತ್ತಿಗೆ ವಾಪಸ್ ಕೊಡುವ ಗಡುವು ಮುಗಿದಿರುತ್ತದೆ. ಇನ್ನು ಆನ್‌ಲೈನ್ ಅಂಗಡಿಗಳಲ್ಲಿ ಕೊಂಡವರ ಅಭಿಪ್ರಾಯ: ‘ಪ್ಯಾಕಿಂಗ್ ಸೂಪರ್, ಬೇಗ ಬಂತು, ಇನ್ನೂ ಓಪನ್ ಮಾಡಿಲ್ಲ’, ಐದು ನಕ್ಷತ್ರ. ಅಲ್ಲಿ ಒಂದು ನಕ್ಷತ್ರದವು ಮಾತ್ರ ಉಪಯುಕ್ತ, ಯಾವ ಭಾಗ ಕೈಕೊಡುತ್ತದೆ, ಸರ್ವಿಸ್ ಹೇಗಿದೆ ಎಂಬುದು ಅವುಗಳಲ್ಲೇ ಸಿಗುತ್ತದೆ.

ಆಂಪ್ಲಿಫೈಯರ್ ಕಥೆ ಚಿಕ್ಕದು. ಬಾಮೈದನ ಹತ್ತಿರ ಟಿಪಿಎ3255 ಚಿಪ್ ಹಾಕಿದ ಅಂಗೈಯಗಲದ ಕ್ಲಾಸ್-ಡಿ ಆಂಪ್ ಡಬ್ಬಿ ಇದೆ, ಅದನ್ನು ಯಮಹಾ ಪಕ್ಕ ಇಟ್ಟು ನೋಡಿದೆವು. ಇಲ್ಲಿ ಮೊಬೈಲ್ ಆಪ್ ಸಾಲದು. ಸ್ಪೀಕರ್ ಟರ್ಮಿನಲ್‌ಗೆ ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ಸಮ ಮಾಡಬೇಕು. ಅಗ್ಗದ ಮೀಟರ್‌ಗಳು 50 ಹರ್ಟ್ಸ್‌ನ ಮನೆ ಕರೆಂಟಿಗಾಗಿ ಮಾಡಿದವು, ಅದಕ್ಕೇ 100 ಹರ್ಟ್ಸ್ ಸದ್ದು ಬಳಸಿ, ಸಾವಿರ ಹರ್ಟ್ಸ್ ಬೇಡ. ಸೀರೆಯ ಹಿಂದೆ ಯಾವುದು ಹಾಡುತ್ತಿದೆ ಅಂತ ನಮ್ಮಲ್ಲಿ ಯಾರಿಗೂ ಹೇಳಲಾಗಲಿಲ್ಲ. ‘ಬೆಚ್ಚಗಿನ ಆಂಪ್’, ‘ತಣ್ಣಗಿನ ಆಂಪ್’ ಎಂದು ಪುಟಗಟ್ಟಲೆ ಬರೆದವರನ್ನು ನಮ್ಮ ಮನೆಗೆ ಕರೆದು ಕೂರಿಸುವ ಆಸೆ ಇದೆ. ರಿಮೋಟ್, ಫೋನೊ ಇನ್‌ಪುಟ್ (ರೆಕಾರ್ಡ್ ಪ್ಲೇಯರ್ ಹಚ್ಚಲು), ಸರ್ವಿಸ್ ಸಿಗುತ್ತದೆಯೇ ಇಲ್ಲವೇ ಎಂಬುದನ್ನು ನೋಡಿ ಆಂಪ್ ಕೊಳ್ಳಿ.

ಆಂಪ್ ಸಣ್ಣದಾದರೆ ಮಾತ್ರ ಮತ್ತೆ ಆ 2 ಡೆಸಿಬೆಲ್ ನೆನಪಿಡಬೇಕು. ಕ್ಯೂ150 ಅಷ್ಟೇ ಜೋರಾಗಲು ಸುಮಾರು 1.6 ಪಟ್ಟು ಪವರ್ ಕೇಳುತ್ತದೆ. ಡೈಮಂಡ್ 38 ವ್ಯಾಟ್‌ಗೆ ಮಾಡುವ ಕೆಲಸಕ್ಕೆ ಅದಕ್ಕೆ 60 ಬೇಕು.

ಕೊನೆಗೆ ಕ್ಯೂ150 ನಮ್ಮಲ್ಲೇ ಉಳಿಯಿತು, ಮುಖ್ಯವಾಗಿ ಚಾಪೆಯ ಕಾರಣಕ್ಕೆ. ಒಬ್ಬರೇ ಕೂತು ಕೇಳುವವರಾಗಿದ್ದರೆ, ಸೋಫಾದಲ್ಲೇ ಕೂರುವವರಾಗಿದ್ದರೆ, ಉಳಿದ ದುಡ್ಡಿಗೆ ಒಳ್ಳೆಯ ಸ್ಟ್ಯಾಂಡ್ ಮಾಡಿಸಿಕೊಂಡು ಡೈಮಂಡನ್ನೇ ಇಟ್ಟುಕೊಳ್ಳುತ್ತಿದ್ದೆ. ಬಾಮೈದ ಬಂದು ಎರಡನ್ನೂ ಕೇಳಿ, “ಭಾವ, ನಂದೇ ಚೆನ್ನಾಗಿದೆ ಬಿಡಿ” ಅಂತ ಡೈಮಂಡ್ ಹೊತ್ತುಕೊಂಡು ಹೋದ. ಅವನ ಕೋಣೆ ಹತ್ತಡಿಗೆ ಹತ್ತಡಿ, ಆಂಪ್ ಆ ಸಣ್ಣ ಡಬ್ಬಿ, ಕೂರುವುದು ಮೇಜಿನ ಮುಂದೆ ಕುರ್ಚಿಯಲ್ಲಿ. ಅಲ್ಲಿ ಹೋಗಿ ಕೇಳಿದ್ದೇನೆ, ಅವನ ಮಾತು ಸರಿ.