ಹಳೇ ಕ್ಯಾಸೆಟ್: ಮನೆಯಲ್ಲೇ ಕ್ಯಾಪ್ಚರ್ ಮಾಡೋದಾ, ಅಂಗಡಿಗೆ ಕೊಡೋದಾ?

ಕಲಬುರಗಿಯ ನಮ್ಮ ಮನೆಯ ಅಲಮಾರಿಯಲ್ಲಿ ಏಳು ವಿಎಚ್‌ಎಸ್ ವಿಡಿಯೋ ಕ್ಯಾಸೆಟ್ ಇದ್ದವು. ಅಕ್ಕನ ಮದುವೆ, ಶರಣಬಸವೇಶ್ವರ ಜಾತ್ರೆಯ ತೇರು, ಇಂಥವೇ. ಕಂಪ್ಯೂಟರ್ ಫೈಲ್ ಮಾಡಿಕೊಡಲು ಒಂದನ್ನು ಅಂಗಡಿಗೆ ಕೊಟ್ಟೆ. ಉಳಿದವನ್ನು ಯುಎಸ್‌ಬಿ ಕ್ಯಾಪ್ಚರ್ ಸ್ಟಿಕ್ (ಕ್ಯಾಸೆಟ್ಟಿನ ಚಿತ್ರ, ಧ್ವನಿಯನ್ನು ಕಂಪ್ಯೂಟರಿಗೆ ಇಳಿಸುವ ಸಾಧನ) ತಂದು ನಾನೇ ಮಾಡಿದೆ.

ಅಂಗಡಿಯಲ್ಲಿ ತಲೆನೋವು ಕಮ್ಮಿ. ಆದರೆ ನಮಗೆ ಸಿಕ್ಕ ಫೈಲಿನಲ್ಲಿ ಬೀಗರೆಲ್ಲ ಅಡ್ಡಡ್ಡ ದಪ್ಪಗಾಗಿದ್ದರು. ಹಳೇ ಟಿವಿಯ 4:3 ಅಳತೆಯ ಚಿತ್ರವನ್ನು ಈಗಿನ ಅಗಲ ಟಿವಿಯ 16:9ಕ್ಕೆ ಎಳೆದಿದ್ದರು. ಕೇಳಿದರೆ, ‘ಟಿವಿ ತುಂಬ ಬರ್ತದಲ್ರೀ’ ಅಂದರು.

ಮನೆಯಲ್ಲಾದರೆ ಹಿಡಿತ ನಿಮ್ಮದು, ಹೋಗೋ ಸಮಯವೂ ನಿಮ್ಮದೇ. 3 ಗಂಟೆಯ ಕ್ಯಾಸೆಟ್‌ಗೆ 3 ಗಂಟೆಯೇ ಬೇಕು. ಕ್ಯಾಸೆಟ್ ಓಡಿಸುವ ವಿಸಿಆರ್‌ನಿಂದ ಸ್ಟಿಕ್ಕಿಗೆ ಬರುವ ವೈರಿನಲ್ಲಿ ಹಳದಿ ಪಿನ್ ಚಿತ್ರಕ್ಕೆ, ಬಿಳಿ-ಕೆಂಪು ಧ್ವನಿಗೆ. ಸಾಫ್ಟ್‌ವೇರ್‌ನಲ್ಲಿ ಮೊದಲು ಪಾಲ್ (ನಮ್ಮ ದೇಶದ ಹಳೇ ಟಿವಿ ಪದ್ಧತಿ) ಆರಿಸಿ: 720×576, ಸೆಕೆಂಡಿಗೆ 25 ಫ್ರೇಮ್. ನಾನು ಅಮೆರಿಕದ ಪದ್ಧತಿಯಾದ ಎನ್‌ಟಿಎಸ್‌ಸಿಯಲ್ಲೇ ಬಿಟ್ಟಿದ್ದೆ. ತೇರು ಕಪ್ಪು-ಬಿಳುಪಾಗಿ, ಮೇಲೆ ಕೆಳಗೆ ಉರುಳುತ್ತಿತ್ತು! ಎಂಪೆಗ್-2 ಎಂಬ ವಿಡಿಯೋ ಮಾದರಿಯಲ್ಲಿ 6 ಎಂಬಿಪಿಎಸ್ (ಸೆಕೆಂಡಿಗೆ 6 ಮೆಗಾಬಿಟ್) ಇಟ್ಟರೆ ಗಂಟೆಗೆ ಸುಮಾರು 2.7 ಜಿಬಿ ಜಾಗ ಹಿಡಿಯುತ್ತದೆ. ನಡುವೆ ಕರೆಂಟ್ ಹೋದರೆ ರಿವೈಂಡ್ ಮಾಡಿ ಮತ್ತೆ ಕೂರಬೇಕು. ನಮ್ಮ ಬೇಸಿಗೆಯಲ್ಲಿ ಇದು ಸುಮ್ನೆ ಮಾತಲ್ಲ.

ಸ್ಟಿಕ್ ಸುಲಭವಾಗಿ ಸಿಗುತ್ತದೆ, ವಿಸಿಆರ್ ಸಿಗೋದೇ ಕಷ್ಟ. ನೆಂಟರ ಅಟ್ಟದಲ್ಲಿ ಓಡುವ ವಿಸಿಆರ್ ಇದ್ದು, ಕ್ಯಾಸೆಟ್ ಜಾಸ್ತಿ ಇದ್ದರೆ ಮನೆಯೇ ಸರಿ. ಒಂದೆರಡೇ ಇದ್ದರೆ ಅಂಗಡಿಗೆ ಕೊಡಿ, ಚೀಟಿಯಲ್ಲಿ 4:3 ಅಂತ ಬರೆಸಿ. ರೀಲಿನ ಅಂಚಿಗೆ ಬಿಳಿ ಬೂಷ್ಟು ಕಂಡರೆ ಮಾತ್ರ ನಿಮ್ಮ ವಿಸಿಆರ್‌ಗೆ ಹಾಕಲೇಬೇಡಿ. ಟೇಪ್ ಓದುವ ಹೆಡ್‌ಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್‌ಗೂ ಹತ್ತುತ್ತದೆ. ಅದನ್ನು ಸ್ವಚ್ಛ ಮಾಡಿಕೊಡುವವರಿಗೇ ಬಿಡಿ.