ಕೆಟಿಎಂ 390 ಅಡ್ವೆಂಚರ್ ಮತ್ತು ಎಕ್ಸ್‌ಪಲ್ಸ್ 200: ತೋಟದ ಕೆಸರಿನಲ್ಲಿ ಒಂದು ಹೋಲಿಕೆ

ನನ್ನ 2020ರ ಕೆಟಿಎಂ 390 ಅಡ್ವೆಂಚರ್ ಮತ್ತು ಗೆಳೆಯನ ಹೀರೋ ಎಕ್ಸ್‌ಪಲ್ಸ್ 200, ಇವೆರಡನ್ನೂ ಬೆಂಗಳೂರಿನಿಂದ ಸಕಲೇಶಪುರದ ಕಾಫಿ ತೋಟಗಳವರೆಗೆ ಅದಲುಬದಲು ಮಾಡಿಕೊಂಡು ಓಡಿಸಿದೆವು. ವಂಶ ನೋಡಿಯೇ ಗೆಲುವು ಯಾರದೆಂದು ನಾನು ಮೊದಲೇ ತೀರ್ಮಾನಿಸಿಬಿಟ್ಟಿದ್ದೆ.

ಕೆಟಿಎಂನ ವಂಶವೇನೂ ಸಾಮಾನ್ಯದ್ದಲ್ಲ. ಆಸ್ಟ್ರಿಯಾದ ಮಾಟಿಗ್‌ಹೋಫೆನ್‌ನಲ್ಲಿ ಹಾನ್ಸ್ ಟ್ರುಂಕೆನ್‌ಪೋಲ್ಟ್ಸ್ 1934ರಲ್ಲಿ ತೆರೆದ ರಿಪೇರಿ ಅಂಗಡಿಯೇ ಬೆಳೆದು, 1953ರಲ್ಲಿ ಮೋಟಾರ್‌ಸೈಕಲ್ ತಯಾರಿಕೆಗೆ ಇಳಿದು, 1974ರಲ್ಲಿ ಸೋವಿಯತ್ ಸವಾರ ಗೆನ್ನಾಡಿ ಮೊಯಿಸೇಯೆವ್ ಮೂಲಕ 250 ಸಿಸಿ ಮೋಟೋಕ್ರಾಸ್ (ಮಣ್ಣಿನ ಹಾದಿಯ ಬೈಕ್ ಓಟ) ವಿಶ್ವ ಪಟ್ಟ ಗೆದ್ದಿತು. 1991ರಲ್ಲಿ ದಿವಾಳಿಯಾಗಿ ಹೋಳಾದ ಮೇಲೂ, ಮೋಟಾರ್‌ಸೈಕಲ್ ವಿಭಾಗ ಮಣ್ಣಿನ ಹಾದಿಯನ್ನೇ ನಂಬಿ ಎದ್ದು ನಿಂತು, 2001ರಿಂದ 2019ರವರೆಗೆ ನಡೆದ, ಮರುಭೂಮಿಗಳನ್ನು ಹಾಯುವ ದೀರ್ಘ ಓಟವಾದ ಪ್ರತಿಯೊಂದು ಡಕಾರ್ ರ‍್ಯಾಲಿಯ ಬೈಕ್ ವಿಭಾಗವನ್ನೂ ಗೆದ್ದಿತು. ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ಪೂರೈಸಿದ ಮೊದಲ ಭಾರತೀಯರಾದದ್ದೂ ಕೆಟಿಎಂ ಏರಿಯೇ. ಹೀರೋ ಮೂಲವಾದರೋ 1956ರಲ್ಲಿ ಲೂಧಿಯಾನದಲ್ಲಿ ಶುರುವಾದ ಸೈಕಲ್ ಕಾರ್ಖಾನೆ. ಅದರ ರ‍್ಯಾಲಿ ತಂಡ ಹುಟ್ಟಿದ್ದೇ 2016ರಲ್ಲಿ.

ಹಾಸನದವರೆಗಿನ ಹೆದ್ದಾರಿಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. 373 ಸಿಸಿಯ, 43 ಅಶ್ವಶಕ್ತಿಯ ಕೆಟಿಎಂ ಮುಂದೆ ಅದರ ಅರ್ಧದಷ್ಟೂ ಶಕ್ತಿಯಿಲ್ಲದ ಎಕ್ಸ್‌ಪಲ್ಸ್, ಲಾರಿಯೊಂದನ್ನು ಹಿಂದಿಕ್ಕಲು ಎರಡು ಬಾರಿ ಯೋಚಿಸಬೇಕಾದ ಬೈಕು.

ತೋಟದ ಜೀಪು ದಾರಿಗೆ ಇಳಿದ ಮೇಲೆ ಲೆಕ್ಕ ತಲೆಕೆಳಗಾಯಿತು. ಸಿಲ್ವರ್ ಓಕ್ ಎಲೆಗಳು ಕೊಳೆತು ಹಾಸಿದ್ದ ಏರಿನಲ್ಲಿ, ಜೀಪು ಚಕ್ರದ ಕೊರಕಲಿಗೆ ಸಿಕ್ಕಿದ ನನ್ನ ಬೈಕಿನ 19 ಇಂಚಿನ ಅಲಾಯ್ ಚಕ್ರ ಹೊರಬರಲು ಒಪ್ಪದೆ, ಟೈರಿನ ಗೀರುಗಳಲ್ಲೆಲ್ಲ ಅಂಟು ಮಣ್ಣು ತುಂಬಿಕೊಂಡು ಜಾರತೊಡಗಿತು. ಆತುರದಲ್ಲಿ ಕ್ಲಚ್ ಬಿಟ್ಟು ಬಿದ್ದದ್ದು ನನ್ನದೇ ತಪ್ಪು. ಆದರೆ 855 ಮಿ.ಮೀ. ಎತ್ತರದ ಸೀಟಿನಿಂದ ಕಾಲೂರುವಷ್ಟರಲ್ಲಿ ಪಾದದಡಿಯ ನೆಲವೇ ಸರಿದುಹೋಗಿತ್ತು. ಬಿದ್ದ ಗಾಡಿಯನ್ನು ಎತ್ತಿ ನಿಲ್ಲಿಸಲು ಇಬ್ಬರೂ ಬೇಕಾಯಿತು. ಅದೇ ಏರನ್ನು ಎಕ್ಸ್‌ಪಲ್ಸ್‌ನಲ್ಲಿ ಹತ್ತಿದಾಗ, ಅದರ 21 ಇಂಚಿನ ಕಡ್ಡಿ ಚಕ್ರ ಕೊರಕಲಿನ ಅಂಚನ್ನು ಸಲೀಸಾಗಿ ದಾಟಿತು. ಸೀಟು 823 ಮಿ.ಮೀ., ತೂಕವೂ ಸುಮಾರು ಇಪ್ಪತ್ತು ಕಿಲೋ ಕಡಿಮೆ. ಎಡವಿದಾಗಲೆಲ್ಲ ಒಂದು ಕಾಲು ನೆಲಕ್ಕೆ ಕೊಟ್ಟರೆ ಸಾಕಿತ್ತು. ಶಕ್ತಿ ಕಡಿಮೆಯೆಂಬುದು ಅಲ್ಲಿ ಕೊರತೆಯಾಗಿ ಕಾಣಲಿಲ್ಲ, ಹಿಂದಿನ ಚಕ್ರ ಗಿರಕಿ ಹೊಡೆಯದಿದ್ದುದಕ್ಕೆ ಅದೂ ಒಂದು ಕಾರಣ.

ವರ್ಷದ ಹೆಚ್ಚಿನ ಓಡಾಟ ಡಾಂಬರಿನ ಮೇಲೆಯೇ ಆದ್ದರಿಂದ ನಾನು ಕೆಟಿಎಂ ಮಾರುವುದಿಲ್ಲ. ಆದರೆ 2025ರ ಹೊಸ 390 ಅಡ್ವೆಂಚರ್‌ಗೆ ಕಂಪನಿಯೇ 21 ಇಂಚಿನ ಕಡ್ಡಿ ಚಕ್ರ ಹಾಕಿರುವುದನ್ನು ಗೆಳೆಯ ವಾರಕ್ಕೊಮ್ಮೆಯಾದರೂ ನೆನಪಿಸುತ್ತಿರುತ್ತಾನೆ.