ಪುಣೆಗೆ ಜಾಕೆಟ್, ಮುಂಬಯಿಗೆ ಮ್ಯಾಟ್: ನಾಯಿಗಳ ಬೇಸಿಗೆ ಸಾಮಾನು

ಮಾರ್ಚ್ ಬಂತೆಂದರೆ ಪೆಟ್ ಶಾಪ್‌ಗಳಲ್ಲಿ ಎರಡು ಸಾಮಾನು ಮುಂದಿನ ಸಾಲಿಗೆ ಬರುತ್ತವೆ: ನೀರಲ್ಲಿ ಅದ್ದಿ ತೊಡಿಸುವ ಕೂಲಿಂಗ್ ಜಾಕೆಟ್, ಒಳಗೆ ಜೆಲ್ ತುಂಬಿದ ಕೂಲಿಂಗ್ ಮ್ಯಾಟ್. ಮುಂಬಯಿ ಆಸುಪಾಸಿನ ಮಾಟುಂಗ, ಡೊಂಬಿವಲಿ ಕಡೆಯವರು ಜಾಕೆಟ್‌ಗೆ ದುಡ್ಡು ಸುರಿಯಬೇಡಿ. ಅದೇ ಜಾಕೆಟ್ ಪುಣೆಯ ಕೋಥ್ರುಡ್‌ನಲ್ಲಿರುವ ತಂಗಿಯ ಮನೆ ನಾಯಿಗೆ ಚೆನ್ನಾಗಿಯೇ ಒದಗುತ್ತದೆ.

ವ್ಯತ್ಯಾಸ ಇರುವುದು ಹವೆಯಲ್ಲಿ. ಜಾಕೆಟ್ ತಂಪಾಗುವುದು ಅದರ ನೀರು ಆರುವುದರಿಂದ. ಪುಣೆಯಲ್ಲಿ ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಬಿಸಿ, ಶೇ. 20 ತೇವಾಂಶ ಇದ್ದರೆ ಒದ್ದೆ ಬಟ್ಟೆ ಸುಮಾರು 21 ಡಿಗ್ರಿಯವರೆಗೂ ಇಳಿಯಬಲ್ಲದು. ಮುಂಬಯಿಯ ಮೇನಲ್ಲಿ 33 ಡಿಗ್ರಿ, ಶೇ. 70 ತೇವಾಂಶ ಎಂದರೆ 28ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಅದೂ ಗಾಳಿ ಆಡಿದರೆ ಮಾತ್ರ. ದಪ್ಪ ಸ್ಪಂಜಿನ ಜಾಕೆಟ್ ಇನ್ನೂ ಕೆಟ್ಟದು: ನೀರು ಆರುವುದಿಲ್ಲ, ರೋಮದೊಳಕ್ಕೆ ಗಾಳಿಯೂ ಹೋಗುವುದಿಲ್ಲ. ತೊಡಿಸಿ ಹತ್ತು ನಿಮಿಷಕ್ಕೆ ಒಳಗೆ ಕೈ ಹಾಕಿ ನೋಡಿ, ಬೆಚ್ಚಗಿದ್ದರೆ ತಕ್ಷಣ ಬಿಚ್ಚಿ. ನಾಯಿಯ ಏದುಸಿರೂ ಇದೇ ಲೆಕ್ಕದಲ್ಲಿ ನಡೆಯುವುದು. ನಾಲಿಗೆ, ಗಂಟಲಿನ ತೇವ ಆರಿದರೆ ಮೈ ತಣಿಯುತ್ತದೆ. ಹಾಗಾಗಿ ಕರಾವಳಿಯ 33 ಡಿಗ್ರಿಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ, ಗೋವಾದವರಿಗೂ ಇದೇ ಮಾತು.

ಪುಣೆಯವರು ಜಾಕೆಟನ್ನು ಪೂರ್ತಿ ಅದ್ದಿ, ಹಿಂಡಿ, ತೊಡಿಸಬೇಕು. ಒಣಗಿದೊಡನೆ ಮತ್ತೆ ಅದ್ದಬೇಕು.

ಇನ್ನು ಮ್ಯಾಟ್. ಫ್ರಿಜ್ ಬೇಡ, ಕರೆಂಟ್ ಬೇಡ ಎಂದು ಡಬ್ಬದ ಮೇಲೆ ಬರೆದಿರುವುದು ನಿಜ. ಗಂಟೆಗಟ್ಟಲೆ ತಂಪು ಎನ್ನುವುದು ಸುಳ್ಳು. ಕೋಣೆ 32 ಡಿಗ್ರಿ ಇದ್ದರೆ ಜೆಲ್ಲೂ 32. ನಾಯಿಯ ಮೈ 38.5 ಆಸುಪಾಸು. ಆ ಆರೂವರೆ ಡಿಗ್ರಿಯೇ ಮ್ಯಾಟಿನ ಬಂಡವಾಳ, ಸ್ವಲ್ಪ ಹೊತ್ತಿಗೆ ಮುಗಿದುಹೋಗುತ್ತದೆ. ನಾಯಿ ಎದ್ದು ಆಚೆ ಹೋದಾಗ ಜೆಲ್ ಮತ್ತೆ ತಣಿಯಬೇಕು. ಅದಕ್ಕೇ ಸೋಫಾ, ಹಾಸಿಗೆ ಮೇಲೆ ಹಾಸಬೇಡಿ, ಅಡಿಯಿಂದ ಬಿಸಿ ಇಳಿಯಲು ದಾರಿಯಿರುವುದಿಲ್ಲ. ಬರಿ ನೆಲ, ಮೇಲೆ ಫ್ಯಾನ್, ಬಿಸಿಲು ಬೀಳದ ಮೂಲೆ. ಮೂಗಿನಿಂದ ಬಾಲದ ಬುಡದವರೆಗೆ ಅಳೆದು, ಅದಕ್ಕಿಂತ ಚೂರು ಉದ್ದದ್ದು ಕೊಳ್ಳಿ.

ಹಳೆ ಚಾಳ್ (ಸಾಲುಮನೆ) ಕಟ್ಟಡದ ನೆಲಮಹಡಿಯಲ್ಲಿ ಶಹಾಬಾದ್ ಫರ್ಶಿ (ಹಾಸುಗಲ್ಲು) ಇದ್ದರೆ ಮ್ಯಾಟೂ ಬೇಡ. ನಮ್ಮ ಕಲಬುರಗಿ ಕಡೆಯ ಕಲ್ಲೇ ಆ ಕೆಲಸ ಪುಕ್ಕಟೆ ಮಾಡುತ್ತದೆ. ಮೊಣಕೈ ಗಟ್ಟಿಯಾದ, ಕೀಲು ನೋಯುವ ಮುದಿ ನಾಯಿಗೆ ಮಾತ್ರ ಮ್ಯಾಟ್ ಮೇಲು.

ಮ್ಯಾಟ್ ಕೆಡುವುದು ಅಂಚಿನಲ್ಲಿ. ಹೊಲಿಗೆಗಿಂತ ಬಿಸಿಯಿಂದ ಬೆಸೆದ ಅಂಚು ಗಟ್ಟಿ. ಅಂಗಡಿಯಲ್ಲೇ ಮಡಚಿ, ಒತ್ತಿ ನೋಡಿ. ಕಚ್ಚುವ ಮರಿ ಇರುವ ಮನೆಗೆ ತರಲೇಬೇಡಿ: ಜೆಲ್‌ನ ಚಿಂತೆ ಒಂದು ಕಡೆ, ನುಂಗಿದ ಪ್ಲಾಸ್ಟಿಕ್ ತುಂಡು ಕರುಳಿನಲ್ಲಿ ಸಿಕ್ಕಿಕೊಳ್ಳುವ ಭಯ ಇನ್ನೊಂದು ಕಡೆ. ತೊಳೆಯಲು ಒದ್ದೆ ಬಟ್ಟೆ ಸಾಕು, ವಾಷಿಂಗ್ ಮೆಷಿನ್ ಬೇಡ.

ಎರಡೂ ಔಷಧಿಯಲ್ಲ. ಏದುಸಿರು ನಿಲ್ಲದೆ, ಒಸಡು ಕಡುಕೆಂಪಾಗಿ, ನಾಯಿ ತೂರಾಡಿದರೆ ಅಲ್ಲೇ ಮೈಮೇಲೆ ನಲ್ಲಿ ನೀರು ಸುರಿಯಿರಿ, ಫ್ಯಾನ್ ಹಾಕಿ, ಆಮೇಲೆ ರಿಕ್ಷಾ ಕರೆಯಿರಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಅದೂ ಬಿಸಿಯನ್ನು ಒಳಗೇ ಕೂಡಿಹಾಕುತ್ತದೆ. ಗುದದ್ವಾರದ ಥರ್ಮಾಮೀಟರ್ 39.5ಕ್ಕೆ ಇಳಿದಾಗ ನೀರು ನಿಲ್ಲಿಸಿ. ಪಗ್, ಶಿಟ್ಜುಗಳಂಥ ಚಪ್ಪಟೆ ಮೂಗಿನವಕ್ಕೆ ಮ್ಯಾಟ್ ಇದೆಯೆಂದು ಮಧ್ಯಾಹ್ನ ಎಸಿ ಆರಿಸಬೇಡಿ.